ಏರು ಇಲ್ಲದ ದಾರಿಯ 42 ಕಿಲೋಮೀಟರ್

ಬರ್ಲಿನ್ ಮ್ಯಾರಥಾನ್‌ಗೆ ಹೊರಟವರಿಗೆ ಎಲ್ಲರೂ ಹೇಳೋ ಮಾತು ಒಂದೇ: "ರಸ್ತೆ ಫ್ಲ್ಯಾಟ್ ಇದೆ, ಆರಾಮಾಗಿ ಓಡಬಹುದು." ರಸ್ತೆಯ ವಿಷಯ ನಿಜ. ಇಡೀ ದಾರಿಯಲ್ಲಿ ಏರುತಗ್ಗಿನ ವ್ಯತ್ಯಾಸ ಇಪ್ಪತ್ತು ಮೀಟರ್ ಆಸುಪಾಸು, ಅಷ್ಟೇ. ಆದರೆ ಆರಾಮ ಅನ್ನೋದನ್ನು ನಾನು ಒಪ್ಪುವುದಿಲ್ಲ.

ಏರು ಹತ್ತುವಾಗ ಖರ್ಚಾದ ಶಕ್ತಿ ಇಳಿಯುವಾಗ ಪೂರ್ತಿ ವಾಪಸ್ ಬರುವುದಿಲ್ಲ. ಅದಕ್ಕೇ ಸಮತಟ್ಟಾದ ದಾರಿಯಲ್ಲಿ ಓಟ ವೇಗವಾಗುತ್ತದೆ. ಆದರೆ ಏರಿಗೆ ಒಂದು ಒಳ್ಳೆಯ ಗುಣವೂ ಇದೆ: ಅದು ನಮ್ಮನ್ನು ತಡೆಯುತ್ತದೆ. ಬೆಂಗಳೂರಿನ ಉಬ್ಬುತಗ್ಗಿನಲ್ಲಿ ಅಭ್ಯಾಸ ಮಾಡಿದವರಿಗೆ ಇದು ಗೊತ್ತು. ಏರಿನಲ್ಲಿ ಹೆಜ್ಜೆ ತಾನಾಗೇ ಚಿಕ್ಕದಾಗುತ್ತದೆ, ಇಳಿಜಾರಿನಲ್ಲಿ ಉಸಿರು ಹತೋಟಿಗೆ ಬರುತ್ತದೆ. ಬರ್ಲಿನ್‌ನಲ್ಲಿ ಆ ಬಿಡುವು ಇಲ್ಲ. ನಾಲ್ಕು ಗಂಟೆ ಓಡುವವರು ಸುಮಾರು 40 ಸಾವಿರ ಹೆಜ್ಜೆ ಹಾಕುತ್ತಾರೆ. ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ. ಅದೇ ಸ್ನಾಯು, ಅದೇ ಏಟು, ಮತ್ತೆ ಮತ್ತೆ.

ಮೋಸ ಹೋಗುವುದು ಶುರುವಿನಲ್ಲೇ. ಸೆಪ್ಟೆಂಬರ್ ಕೊನೆಯ ತಣ್ಣನೆ ಬೆಳಗ್ಗೆ, ವಿಶ್ರಾಂತಿ ಪಡೆದ ಕಾಲು, ಸುತ್ತ ಜನಸಾಗರ. ವೇಗ ಜಾಸ್ತಿಯಾದದ್ದು ಗೊತ್ತೇ ಆಗುವುದಿಲ್ಲ. ಕೀನ್ಯಾದ ಓಟಗಾರ ಎಲ್ಯೂಡ್ ಕಿಪ್ಚೋಗೆ ಇಲ್ಲಿ ಎರಡು ಸಲ ವಿಶ್ವದಾಖಲೆ ಮಾಡಿದರು. 2018ರಲ್ಲಿ ಅವರ ಎರಡನೇ ಅರ್ಧವೇ ಹೆಚ್ಚು ವೇಗವಾಗಿತ್ತು. 2022ರಲ್ಲಿ ಮೊದಲ ಅರ್ಧವನ್ನು 59 ನಿಮಿಷ 51 ಸೆಕೆಂಡಿನಲ್ಲಿ ಮುಗಿಸಿದರು. ಉಳಿದರ್ಧಕ್ಕೆ 61 ನಿಮಿಷ 18 ಸೆಕೆಂಡು ಬೇಕಾಯಿತು. ಅಂಥವರಿಗೇ ಹಾಗಾದರೆ ನಮ್ಮ ಗತಿ?

ಲೆಕ್ಕ ಹೀಗಿದೆ. ಒಂದು ಕಿಲೋ ತೂಕ ಒಂದು ಕಿಲೋಮೀಟರ್ ಓಡಲು ಸುಮಾರು ಒಂದು ಕ್ಯಾಲೊರಿ ಬೇಕು. 65 ಕಿಲೋ ತೂಗುವವರಿಗೆ ಇಡೀ ಓಟಕ್ಕೆ ಸುಮಾರು 2,700. ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೊಜೆನ್, ಅಂದರೆ ದೇಹ ಕೂಡಿಡುವ ಸಕ್ಕರೆಯ ರೂಪದಲ್ಲಿ ಇರುವುದು ಹೆಚ್ಚುಕಡಿಮೆ 2,000. ಉಳಿದದ್ದನ್ನು ಕೊಬ್ಬು ಕೊಡುತ್ತದೆ, ಆದರೆ ನಿಧಾನವಾಗಿ. ವೇಗ ಹೆಚ್ಚಿದಷ್ಟೂ ದೇಹ ಗ್ಲೈಕೊಜೆನ್ನನ್ನೇ ಜಾಸ್ತಿ ಉರಿಸುತ್ತದೆ. ಮೊದಲ ಹತ್ತು ಕಿಲೋಮೀಟರ್‌ನ ಹುರುಪಿನ ಬೆಲೆಯನ್ನು 30 ದಾಟಿದ ಮೇಲೆ ಕಟ್ಟುವುದು ಹೀಗೆ. ಕಾಲು ಕಲ್ಲಾಗುತ್ತದೆ, ತಲೆ ಮಂಕಾಗುತ್ತದೆ. ಓಟಗಾರರು ಇದನ್ನೇ 'ವಾಲ್', ಅಂದರೆ ಗೋಡೆ, ಅನ್ನುತ್ತಾರೆ. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಒಳಗೆ ಹೋಗಬೇಕು, ಅದೂ ಸುಸ್ತಾಗುವ ಮೊದಲೇ.

ನೀರಿನ ಮೇಜಿನ ಹತ್ತಿರ ಹುಷಾರು. ಬಿಸಾಡಿದ ಲೋಟಗಳು ಕಾಲಡಿ ಪಟಪಟ ಸಿಡಿಯುತ್ತವೆ, ನೆಲ ಜಾರುತ್ತದೆ. ಮೊದಲ ಮೇಜಿಗೇ ಮುಗಿಬೀಳಬೇಡಿ, ಮುಂದೆ ಖಾಲಿ ಮೇಜುಗಳಿರುತ್ತವೆ. ಲೋಟದ ಬಾಯನ್ನು ಬೆರಳಲ್ಲಿ ಒತ್ತಿ ಕೊಕ್ಕಿನ ಹಾಗೆ ಮಾಡಿಕೊಂಡರೆ ನೀರು ಮೂಗಿಗೆ ಹೋಗುವುದಿಲ್ಲ. ಬಾಯಾರಿಕೆಗಿಂತ ಜಾಸ್ತಿ ಕುಡಿಯುವುದೂ ಅಪಾಯ, ರಕ್ತದಲ್ಲಿ ಸೋಡಿಯಂ ಇಳಿದುಬಿಡುತ್ತದೆ.

ರಸ್ತೆಯ ಮೇಲೆ ನೀಲಿ ಗೆರೆ ಕಾಣುತ್ತದೆ. ಅಳತೆಗೆ ಹಿಡಿದ ಅತಿ ಹತ್ತಿರದ ದಾರಿ ಅದು. ಜನರನ್ನು ತಪ್ಪಿಸಿ ಅಕ್ಕಪಕ್ಕ ಓಡಿ ನಾನೂರು ಮೀಟರ್ ಹೆಚ್ಚಾದರೆ, ಕಿಲೋಮೀಟರ್‌ಗೆ ಆರು ನಿಮಿಷದ ವೇಗದವರಿಗೆ ಎರಡೂಕಾಲು ನಿಮಿಷಕ್ಕಿಂತ ಜಾಸ್ತಿ ನಷ್ಟ.

ಕೊನೆಗೆ ಬ್ರಾಂಡೆನ್‌ಬುರ್ಗ್ ಗೇಟ್. ಅದರ ಕಂಬಗಳು ಕಂಡ ಕೂಡಲೇ ಓಟ ಮುಗಿಯಿತು ಅನ್ನಿಸುತ್ತದೆ. ಇಲ್ಲ, ಓಟ ಮುಗಿಯುವ ಗೆರೆ ಇರುವುದು ಗೇಟ್ ದಾಟಿ ಇನ್ನೂ ಮುಂದೆ. ಗೆರೆ ದಾಟಿದ ಮೇಲೂ ಥಟ್ಟನೆ ನಿಲ್ಲಬೇಡಿ, ನಡೆಯುತ್ತಿರಿ. ಅಷ್ಟು ಹೊತ್ತು ರಕ್ತವನ್ನು ಮೇಲಕ್ಕೆ ಒತ್ತುತ್ತಿದ್ದದ್ದು ಮೀನಖಂಡಗಳು. ಅವು ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತು ಬರುತ್ತದೆ.