ಫೋರೆಯ ರೆಕ್ವಿಯಮ್: ಹೊಸ ಧ್ವನಿಮುದ್ರಣದಲ್ಲಿ ವಯಲಿನ್‌ಗಳು ಎಲ್ಲಿ ಹೋದವು?

ಪ್ರಶ್ನೆ: ಫ್ರೆಂಚ್ ಸಂಗೀತ ರಚನಕಾರ ಗೇಬ್ರಿಯಲ್ ಫೋರೆಯ ರೆಕ್ವಿಯಮ್ (ಸತ್ತವರಿಗಾಗಿ ನಡೆಸುವ ಬಲಿಪೂಜೆಯ ಸಂಗೀತ) ನನಗೆ ಬಹುಕಾಲದಿಂದ ಪರಿಚಿತ. ಈಚೆಗೆ ಅದರ ಹೊಸ ಧ್ವನಿಮುದ್ರಣವೊಂದನ್ನು ಕೇಳಿದೆ. ಅರ್ಧ ವಾದ್ಯಗಳೇ ಇಲ್ಲ, ಹಾಡುವವರ ಲ್ಯಾಟಿನ್ ಉಚ್ಚಾರವೂ ವಿಚಿತ್ರ. ಕೃತಿಯನ್ನು ಮೊಟಕುಗೊಳಿಸಿದ್ದಾರೆಯೇ?

ಉತ್ತರ: ಇಲ್ಲ. ನೀವು ಇಷ್ಟು ಕಾಲ ಕೇಳಿದ್ದೇ ಹಿಗ್ಗಿಸಿದ ರೂಪವಾಗಿರಬೇಕು.

ಈ ಕೃತಿ ಒಂದೇ ಸಲಕ್ಕೆ ಹುಟ್ಟಿದ್ದಲ್ಲ. 1888ರ ಜನವರಿಯಲ್ಲಿ ಪ್ಯಾರಿಸ್ಸಿನ ಮಡಲೆನ್ ಚರ್ಚಿನಲ್ಲಿ, ವಾಸ್ತುಶಿಲ್ಪಿಯೊಬ್ಬರ ಅಂತ್ಯಸಂಸ್ಕಾರದ ಬಲಿಪೂಜೆಯಲ್ಲಿ, ಇದು ಮೊದಲ ಬಾರಿಗೆ ಕೇಳಿಸಿತು. ಫೋರೆ ಅಲ್ಲಿನ ಗಾಯನವೃಂದದ ನಿರ್ದೇಶಕ. ಆಗ ಇದ್ದದ್ದು ಐದೇ ಭಾಗ. ವಾದ್ಯಗಳೆಂದರೆ ವಯಲಿನ್‌ಗಿಂತ ತಗ್ಗುದನಿಯ ವಯೋಲಾ, ಚೆಲ್ಲೊ, ಡಬಲ್ ಬಾಸ್, ಜೊತೆಗೆ ಹಾರ್ಪ್, ಟಿಂಪನಿ ಎಂಬ ನಗಾರಿ ಮತ್ತು ಆರ್ಗನ್. ವಯಲಿನ್ ಒಂದೇ ಒಂದು, ಅದೂ ‘ಸಾಂಕ್ಟುಸ್’ ಭಾಗಕ್ಕೆ ಮಾತ್ರ. ಇಡೀ ಕೃತಿ ಮಂದ್ರದಲ್ಲೇ ನೆಲೆ ನಿಂತು, ಆ ಒಂಟಿ ವಯಲಿನ್ ಮೇಲೇಳುವಾಗ ಕಿಟಕಿ ತೆರೆದಂತಾಗುತ್ತದೆ. ಪೂಜೆ ಮುಗಿದ ಮೇಲೆ ಪಾದ್ರಿಗಳು ಫೋರೆಯನ್ನು ಕರೆದು, ನಮ್ಮಲ್ಲಿ ಹಾಡುಗಳಿಗೆ ಬರವಿಲ್ಲ, ಇಂಥ ಹೊಸತನ ಬೇಡ ಎಂದರಂತೆ. ಆದರೂ ಅದೇ ಚರ್ಚಿನಲ್ಲಿ 1924ರಲ್ಲಿ ಫೋರೆಯ ಅಂತ್ಯಕ್ರಿಯೆ ನಡೆದಾಗ ಹಾಡಿದ್ದು ಇದನ್ನೇ.

ಆಮೇಲೆ ಎರಡು ಭಾಗಗಳು ಸೇರಿದವು: ‘ಒಫರ್ಟುವಾರ್’ ಮತ್ತು ಮೂಲತಃ 1877ರಲ್ಲೇ ಬರೆದಿದ್ದ ‘ಲಿಬೆರಾ ಮೆ’. ಎರಡರಲ್ಲೂ ಬ್ಯಾರಿಟೋನ್ (ಮಧ್ಯಮ ತಗ್ಗಿನ ಗಂಡುದನಿ) ಗಾಯಕನಿಗೆ ಕೆಲಸವಿದೆ. ಹಾರ್ನ್, ಟ್ರಂಪೆಟ್‌ಗಳೂ ಬಂದವು. ಇದು 1893ರ ರೂಪ. ಕಛೇರಿ ಸಭಾಂಗಣಗಳಿಗೆ ಒಗ್ಗುವ ಪೂರ್ಣ ಆರ್ಕೆಸ್ಟ್ರಾದ ರೂಪ 1900ರದು. ಅದರ ವಾದ್ಯವಿನ್ಯಾಸ ಫೋರೆಯದೇ, ಶಿಷ್ಯ ರೊಜೆ-ಡ್ಯುಕಾಸ್‌ನದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನನಗಂತೂ ಅದರಲ್ಲಿ ಬೇರೆ ಕೈಯ ವಾಸನೆ ಬರುತ್ತದೆ: ಕೊಳಲು, ಕ್ಲಾರಿನೆಟ್ ನುಡಿಸುವವರು ಇಡೀ ಕೃತಿಯಲ್ಲಿ ‘ಪಿಯೆ ಜೇಸು’ ಎಂಬ ಒಂದು ಭಾಗಕ್ಕಾಗಿ ಕಾದು ಕುಳಿತಿರಬೇಕು! ಹಾಗೆಂದು ಅದನ್ನು ನಕಲಿ ಎನ್ನಲಾಗದು. ಫೋರೆ ತನ್ನ ಹೆಸರಿನಲ್ಲೇ ಅದರ ಪ್ರಕಟಣೆಗೆ ಒಪ್ಪಿದ್ದ. ದಶಕಗಳ ಕಾಲ ಜಗತ್ತಿಗೆ ಗೊತ್ತಿದ್ದದ್ದೂ ಅದೊಂದೇ. 1980ರ ದಶಕದಲ್ಲಿ ಇಂಗ್ಲೆಂಡಿನ ವೃಂದ ನಿರ್ದೇಶಕ ಜಾನ್ ರಟ್ಟರ್ 1893ರ ರೂಪವನ್ನು ಸಂಪಾದಿಸಿ ಹಾಡಿಸಿದರು. ಬೆಲ್ಜಿಯಮ್ಮಿನ ವೃಂದ ನಿರ್ದೇಶಕ ಫಿಲಿಪ್ ಹೆರೆವೆಘೆ ಕೂಡ ಅದೇ ದಶಕದಲ್ಲಿ ಅದನ್ನು ಧ್ವನಿಮುದ್ರಿಸಿದರು. ಅಲ್ಲಿಂದಾಚೆ ಚಿಕ್ಕ ವೃಂದದ ಧ್ವನಿಮುದ್ರಣಗಳು ಸಾಲುಗಟ್ಟಿದವು.

ಉಚ್ಚಾರದ ವಿಷಯಕ್ಕೆ ಬರುವುದಾದರೆ, ಫೋರೆಯ ಕಾಲದ ಫ್ರಾನ್ಸಿನಲ್ಲಿ ಲ್ಯಾಟಿನ್ನನ್ನೂ ಫ್ರೆಂಚಿನಂತೆಯೇ ಓದುತ್ತಿದ್ದರು. ಬೆಳಕು ಎಂಬರ್ಥದ ‘ಲುಕ್ಸ್’ ಆಗ ‘ಲ್ಯುಕ್ಸ್’. ರೋಮಿನ ಉಚ್ಚಾರ ಅಲ್ಲಿ ಬೇರೂರಿದ್ದು 20ನೇ ಶತಮಾನದಲ್ಲಿ. ತುಟಿ ಚೂಪಾಗಿಸಿ ಹಾಡುವ ‘ಲ್ಯು’ವಿನ ಆ ಸ್ವರಾಕ್ಷರದಿಂದ ವೃಂದದ ದನಿಯೇ ತೆಳುವಾಗುತ್ತದೆ, ಒಳದನಿಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಮೊದಲ ಕೇಳ್ಮೆಗೆ ಇದು ಕಿವಿಗೆ ಒರಟು, ನಿಜ.

ಫೋರೆ ರೆಕ್ವಿಯಮ್‌ಗಳಲ್ಲಿ ವಾಡಿಕೆಯ ಗೀತೆಯಾದ ‘ಡಿಯೆಸ್ ಇರೆ’ಯ ಅಂತಿಮ ತೀರ್ಪಿನ ಉಗ್ರ ವರ್ಣನೆಯನ್ನು ಬಿಟ್ಟು, ಅದರ ಕೊನೆಯ ಪ್ರಾರ್ಥನೆಯನ್ನಷ್ಟೇ ‘ಪಿಯೆ ಜೇಸು’ ಆಗಿ ಉಳಿಸಿಕೊಂಡ. ಸಾವು ಅವನಿಗೆ ಭಯವಲ್ಲ, ಬಿಡುಗಡೆ. ಹೀಗಿರುವಾಗ ಚಿಕ್ಕ ವೃಂದವೇ ಈ ಕೃತಿಗೆ ಒಪ್ಪುತ್ತದೆ ಎಂಬುದು ನನ್ನ ಪಕ್ಷಪಾತ. ದೊಡ್ಡ ಆರ್ಕೆಸ್ಟ್ರಾ ಬಂದಾಗ ‘ಲಿಬೆರಾ ಮೆ’ಗೆ ಬಲ ಸಿಗುತ್ತದೆ, ಉಳಿದ ಕಡೆ ಸಕ್ಕರೆ ಹೆಚ್ಚಾಗುತ್ತದೆ.

ಮುಂದಿನ ಸಲ ಹೊದಿಕೆಯ ಮೇಲಿನ ವರ್ಷ ನೋಡಿ: 1888, 1893 ಅಥವಾ 1900. ಜೊತೆಗೆ ‘ಪಿಯೆ ಜೇಸು’ ಹಾಡಿದವರು ಯಾರೆಂದೂ ಗಮನಿಸಿ. ಮಡಲೆನ್‌ನ ವೃಂದದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ, ಅಲ್ಲಿ ಬಾಲಕನೇ ಹಾಡಿದ್ದು. ದೊಡ್ಡ ಆರ್ಕೆಸ್ಟ್ರಾವೂ ಬೇಕು, ಬಾಲಕನ ದನಿಯೂ ಬೇಕು ಎನ್ನುವುದಾದರೆ ಸ್ವಿಸ್ ವೃಂದ ನಿರ್ದೇಶಕ ಮಿಶೆಲ್ ಕೋರ್ಬೋ ಅವರ 1972ರ ಧ್ವನಿಮುದ್ರಣ ಹುಡುಕಿ.