ರಕ್ತನಾಳದ ಸುಣ್ಣ, ಹೀಟರ್ ಸುಣ್ಣ: ಎರಡೂ ಒಂದೇ ಅಂದ್ಕೊಂಡಿದ್ದೆ

ಶಿವಮೊಗ್ಗದ ನಮ್ಮ ರೂಮಲ್ಲಿ ಬೋರ್ ನೀರು, ಎರಡು ತಿಂಗಳಾಗೋದ್ರೊಳಗೆ ಹೀಟರ್ ಕಾಯಿಲ್ ಮೇಲೆ ಬೆಳ್ಳಗೆ ಕಟ್ಟುತ್ತೆ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ರೆ ಬಿಟ್ಕೊಳ್ಳುತ್ತೆ. ವಾಸ್ಕುಲರ್ ಕ್ಯಾಲ್ಸಿಫಿಕೇಶನ್ (ರಕ್ತನಾಳದ ಗೋಡೇಲಿ ಸುಣ್ಣ ಕಟ್ಟೋದು) ಚಾಪ್ಟರ್ ತೆಗೆದಾಗ ನನ್ನ ತಲೇಲಿ ಇದ್ದಿದ್ದೂ ಇದೇ ಚಿತ್ರ, ಕ್ಯಾಲ್ಸಿಯಂ ಜಾಸ್ತಿ ಆಗಿ ಪೈಪಿಗೆ ಅಂಟ್ಕೊಳ್ಳುತ್ತೆ, ಎಂತದೋ ಹುಳಿ ಕುಡಿದ್ರೆ ಕರಗುತ್ತೆ ಅಂತ. ಪೂರ್ತಿ ತಪ್ಪು ಮಾರಾಯ್ರೆ.

ಹೀಟರ್ ಮೇಲಿರೋದು ಕ್ಯಾಲ್ಸಿಯಂ ಕಾರ್ಬೊನೇಟ್. ನಾಳದಲ್ಲಿ ಕೂರೋದು ಮೂಳೇಲಿರೋ ಥರದ ಕ್ಯಾಲ್ಸಿಯಂ ಫಾಸ್ಫೇಟ್, ಹೈಡ್ರಾಕ್ಸಿಅಪಟೈಟ್. ಅದೂ ತಾನಾಗೇ ಬಂದು ಕೂರಲ್ಲ, ಗೋಡೆಯ ಸ್ಮೂತ್ ಮಸಲ್ ಸೆಲ್‌ಗಳೇ ತಮ್ಮ ಕೆಲಸ ಬಿಟ್ಟು ಮೂಳೆ ಕಟ್ಟೋ ಸೆಲ್ ಥರ ಆಡೋಕೆ ಶುರು ಮಾಡ್ತಾವೆ. ಶುಗರ್, ಕಿಡ್ನಿ ಕಾಯಿಲೆ, ರಕ್ತದಲ್ಲಿ ಫಾಸ್ಫೇಟ್ ಏರೋದು, ಸಿಗರೇಟು, ವಯಸ್ಸು ಇವೆಲ್ಲ ಅದಕ್ಕೆ ಕುಮ್ಮಕ್ಕು. ಹಾಗಾಗಿ ನೂರು ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಅಂತ ಮುದ್ದೆ ಬಿಡೋದು ದಡ್ಡತನ.

ಈಗ ಮುಖ್ಯ ಪಾಯಿಂಟ್. ನಮ್ಮ ದೇಹದಲ್ಲೇ ಇದಕ್ಕೆ ಬ್ರೇಕ್‌ಗಳಿವೆ, ನಾಳದ ಸುಣ್ಣಕ್ಕೆ ಗಿಡಮೂಲದ ಮದ್ದು, ಖನಿಜದ ಮದ್ದು ಅಂತ ಯಾರು ಏನೇ ಹೇಳಿದ್ರೂ ಅದು ಯಾವ ಬ್ರೇಕ್ ಒತ್ತುತ್ತೆ ಅಂತ ಕೇಳ್ಕೊಳ್ಳಿ, ಕರಗಿಸುತ್ತಾ ಅಂತ ಕೇಳ್ಬೇಡಿ. ದೊಡ್ಡ ಬ್ರೇಕು ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್. 1997ರಲ್ಲಿ ಈ ಪ್ರೋಟೀನ್ ಇಲ್ಲದ ಇಲಿಗಳನ್ನ ಮಾಡಿ ನೋಡಿದ್ರು, ಎರಡು ತಿಂಗಳೊಳಗೆ ನಾಳ ಗಟ್ಟಿಯಾಗಿ ಒಡೆದು ಸತ್ತವು. ಈ ಪ್ರೋಟೀನ್ ಕೆಲಸ ಮಾಡ್ಬೇಕಂದ್ರೆ ವಿಟಮಿನ್ ಕೆ ಬೇಕು, ಅದರ ನೆರವಲ್ಲಿ ಪ್ರೋಟೀನ್ ಕಾರ್ಬಾಕ್ಸಿಲೇಟ್ ಆಗದಿದ್ರೆ (ಕ್ಯಾಲ್ಸಿಯಂ ಹಿಡಿಯೋ ಕೊಂಡಿ ಸೇರದಿದ್ರೆ) ಬ್ರೇಕ್ ಇದ್ದೂ ಹಿಡಿಯಲ್ಲ.

ಇಲ್ಲೇ ನಮ್ಮಜ್ಜ ಬರೋದು. ತೀರ್ಥಹಳ್ಳಿ ಕಡೆ ಮನೆ, ಹಾರ್ಟ್ ವಾಲ್ವ್ ಹಾಕ್ಸಿದಾಗಿಂದ ವಾರ್ಫರಿನ್. ಆ ಮಾತ್ರೆ ವಿಟಮಿನ್ ಕೆ ಮರುಬಳಕೆ ಆಗೋದನ್ನೇ ತಡೆಯುತ್ತೆ, ಅದಕ್ಕೇ ರಕ್ತ ಬೇಗ ಹೆಪ್ಪುಗಟ್ಟಲ್ಲ, ಅದೇ ಕಾರಣಕ್ಕೆ ನಾಳದ ಬ್ರೇಕೂ ಸಡಿಲ ಆಗುತ್ತೆ. ಆಷಾಢದಲ್ಲಿ ಕೆಸುವಿನ ಎಲೆ ಚಿಗುರಿದ್ದೇ ತಡ, ವಾರಕ್ಕೆ ನಾಲ್ಕು ದಿನ ಪತ್ರೊಡೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನೋದರ ಅಳತೆ) ರಿಪೋರ್ಟ್ ದಬಕ್ಕಂತ ಇಳೀತು, ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಕೆಲಸ ತಗ್ಗಿಸಿತ್ತು. ಮನೇಲಿ ಎಲ್ಲಾರೂ ಸೊಪ್ಪೇ ಮುಟ್ಬೇಡಿ ಅಂದ್ರು, ಡಾಕ್ಟ್ರು ಮಾತ್ರ ತಿನ್ನಿ, ಆದ್ರೆ ವಾರಾವಾರ ಒಂದೇ ಅಳತೇಲಿ ತಿನ್ನಿ ಅಂದ್ರು. ವಿಟಮಿನ್ ಕೆಯಲ್ಲಿ ಕೆ1, ಕೆ2 ಅಂತ ಎರಡು ರೂಪ, ಕೆಸು, ನುಗ್ಗೆ, ಹರಿವೆ ಸೊಪ್ಪು ಇವೆಲ್ಲ ಕೆ1. ಕೆ2 ಇರೋದು ಚೀಸು, ಮೊಟ್ಟೆ ಹಳದಿ, ಜಪಾನಿನ ನಾಟೋ ಅನ್ನೋ ಹುದುಗಿಸಿದ ಸೋಯಾದಲ್ಲಿ (ವಾಸನೆ ಜೋರಂತೆ).

2004ರ ರಾಟರ್‌ಡ್ಯಾಮ್ ಸ್ಟಡೀಲಿ 4807 ಜನರನ್ನ ನೋಡಿದ್ರು, ಕೆ2 ಜಾಸ್ತಿ ತಿನ್ನೋರಲ್ಲಿ ಮಹಾಪಧಮನಿಯ ತೀವ್ರ ಕ್ಯಾಲ್ಸಿಫಿಕೇಶನ್ ಕಡಿಮೆ ಇತ್ತು, ಕೆ1ಗೆ ಅಂಥ ನಂಟು ಕಾಣ್ಲಿಲ್ಲ. ಎಲ್ಲಾರೂ ಹಾರಾಡಿದ್ರು. ಆಮೇಲೆ 2022ರಲ್ಲಿ ಡೆನ್ಮಾರ್ಕಿನವರು ಹೃದಯದ ಕವಾಟದಲ್ಲಿ ಕ್ಯಾಲ್ಸಿಯಂ ಇರೋ 365 ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಎರಡು ವರ್ಷ ದಿನಕ್ಕೆ 720 ಮೈಕ್ರೋಗ್ರಾಂ ಕೆ2 ಜೊತೆ ವಿಟಮಿನ್ ಡಿ ಕೊಟ್ಟು ನೋಡಿದ್ರು, ಕವಾಟದಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಬರ್ಲಿಲ್ಲ. ಊಟದಲ್ಲಿ ಕಂಡ ನಂಟು ಬೇರೆ, ಕ್ಯಾಪ್ಸೂಲ್ ಪರಿಣಾಮ ಬೇರೆ, ಇದು ಎಕ್ಸಾಮಿಗೂ ಬೇಕು.

ಮೆಗ್ನೀಸಿಯಂ ಕಥೇನೂ ಹೆಚ್ಚುಕಮ್ಮಿ ಇದೇ. ಕ್ಯಾಲ್ಸಿಯಂ ಫಾಸ್ಫೇಟ್ ಹರಳು ಕಟ್ಟೋದನ್ನ ಲ್ಯಾಬಲ್ಲಿ ಚೆನ್ನಾಗೇ ತಡೆಯುತ್ತೆ, ಆದ್ರೆ 2023ರಲ್ಲಿ ಕಿಡ್ನಿ ಕಾಯಿಲೆ ಇದ್ದ 148 ಜನರಲ್ಲಿ ಅರ್ಧದಷ್ಟು ಜನಕ್ಕೆ ಒಂದು ವರ್ಷ ಕೊಟ್ರೂ ಕೊರೋನರಿ (ಹೃದಯಕ್ಕೆ ರಕ್ತ ಕೊಡೋ ನಾಳದ) ಕ್ಯಾಲ್ಸಿಯಂ ಏರೋದು ನಿಧಾನ ಆಗ್ಲಿಲ್ಲ.

ನನಗೆ ಇಂಟ್ರೆಸ್ಟಿಂಗ್ ಅನ್ಸಿದ್ದು ಫೈಟೇಟ್. ಹುರುಳಿ, ಎಳ್ಳು, ತೌಡು ತೆಗೀದ ಕೆಂಪಕ್ಕೀಲಿ ಇರುತ್ತೆ, ಕಬ್ಬಿಣ ಜಿಂಕ್ ಹೀರೋಕೆ ಬಿಡಲ್ಲ ಅಂತ ನ್ಯೂಟ್ರಿಶನ್ ಕ್ಲಾಸಲ್ಲಿ ಬೈಸ್ಕೊಂಡಿರೋ ಪಾರ್ಟಿ. ಅದೇ ಗುಣ ಇಲ್ಲಿ ಪ್ಲಸ್ಸು, ಬೆಳೆಯೋ ಹರಳಿನ ಮೇಲೆ ಹೋಗಿ ಅಂಟ್ಕೊಂಡು ಬೆಳವಣಿಗೆ ನಿಲ್ಲಿಸುತ್ತೆ. ಡಯಾಲಿಸಿಸ್ ಮಾಡಿಸ್ಕೊಳ್ಳೋ 274 ಜನರ ಟ್ರಯಲ್ 2020ರಲ್ಲಿ ಬಂತು, 52 ವಾರದಲ್ಲಿ ಕೊರೋನರಿ ಕ್ಯಾಲ್ಸಿಯಂ ಏರಿದ್ದು ಫೈಟೇಟ್‌ನ ಔಷಧಿ ಕೊಟ್ಟವರಲ್ಲಿ 11%, ಕೊಡದವರಲ್ಲಿ 20%. ಆದ್ರೆ ಅದು ಡ್ರಿಪ್ಪಲ್ಲಿ ನೇರ ರಕ್ತಕ್ಕೆ ಕೊಟ್ಟಿದ್ದು, ಹುರುಳಿ ಸಾರಿಂದ ರಕ್ತಕ್ಕೆ ಹೋಗೋದು ತುಂಬಾ ಕಡಿಮೆ.

ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್ ಇವು ಸೆಲ್ಲು, ಇಲಿ ಮಟ್ಟದಲ್ಲೇ ಇವೆ, ಎರಡು ಲೈನ್ ಬರ್ಕೊಂಡ್ರೆ ಸಾಕು. ಪೈಪರಿನ್ ಮಾತ್ರ ನೆನಪಿಡಿ, ಕಾಳುಮೆಣಸಿನದ್ದು, ಕರ್ಕ್ಯುಮಿನ್ ಹೀರಿಕೆ ಹೆಚ್ಚಿಸುತ್ತೆ ಅಂತ ಕ್ಯಾಪ್ಸೂಲಿಗೆ ಸೇರಿಸ್ತಾರೆ, ಜೊತೆಗೆ ರಕ್ತದಲ್ಲಿ ಬೇರೆ ಮಾತ್ರೆಗಳ ಮಟ್ಟನೂ ಏರಿಸಬಹುದು. ಹೋದ ಸಲ ಊರಿಗೆ ಹೋದಾಗ ಅಜ್ಜನ ಮಾತ್ರೆ ಡಬ್ಬೀಲಿ ಅಂಥದ್ದೇ ಒಂದು ಅರಿಶಿನದ ಬಾಟಲಿ ಇತ್ತು, ಯಾರೋ ನೆಂಟರು ನಾಳ ಕ್ಲೀನ್ ಆಗುತ್ತೆ ಅಂತ ಕೊಟ್ಟಿದ್ದಂತೆ. ವಾರ್ಫರಿನ್ ಜೊತೆ ಅದು ಬೇಡ ಅಂತ ಎತ್ತಿಟ್ಟೆ, ಅಜ್ಜ ಕೇಳಿದ್ದು ಒಂದೇ: ಪತ್ರೊಡೆಗೆ ಅರಿಶಿನ ಹಾಕ್ಬಹುದಲ್ಲ?