ಕೆಸರಿಗೆ ಇಳಿದ್ರೆ ಸಾಕು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕಾದು ಹೋಗತ್ತೆ, ಇಳಿಸ್ಲೇಬೇಕಾ?

ಪಾಂಡವಪುರದ ಕಡೆಯಿಂದ ಒಬ್ರು ಕೇಳಿದಾರೆ: "ಅಣ್ಣ, ನಂದು ಹಳೇ ಡೀಸೆಲ್ ಫೋರ್ ಬೈ ಫೋರ್, ಆಟೋಮ್ಯಾಟಿಕ್ಕು, 2010ರ ಮಾಡ್ಲು, 1 ಲಕ್ಷದ 70 ಸಾವಿರ ಓಡೈತೆ. ಮೈಸೂರು ರೋಡಲ್ಲಿ ಎಷ್ಟು ಓಡ್ಸಿದ್ರೂ ಏನೂ ಆಗಕಿಲ್ಲ. ನಾಲೆ ಏರಿ ಇಳಿದು ಗದ್ದೆ ದಾರೀಲಿ, ಕೆಸರಲ್ಲಿ ಒಂದು 20 ನಿಮಿಷ ಹೋದ್ರೆ ಸಾಕು, ಗೇರ್‌ಬಾಕ್ಸ್ ಟೆಂಪರೇಚರ್ ಲೈಟ್ ಹತ್ಕೋತದೆ, ಆಮೇಕೆ ಡಿ ಹಾಕಿದ್ರೆ ತಡವಾಗಿ ಹಿಡೀತದೆ. ಎಂಜಿನ್ ಮುಳ್ಳು ಮಾತ್ರ ಮಧ್ಯದಲ್ಲೇ ಇರ್ತದೆ. ಮೆಕ್ಯಾನಿಕ್ಕು ಗೇರ್‌ಬಾಕ್ಸ್ ಇಳಿಸ್ಬೇಕು ಅಂತಾವ್ನೆ. ಇಳಿಸ್ಬುಡ್ಲಾ?"

ಈಗ್ಲೇ ಇಳಿಸ್ಬೇಡಿ. ನೀವು ಹೇಳಿರೋದ್ರಲ್ಲೇ ಅರ್ಧ ಉತ್ತರ ಇದೆ, ರೋಡಲ್ಲಿ ಸರಿ ಇರೋ ಗಾಡಿ ಕೆಸರಲ್ಲಿ ಮಾತ್ರ ಕಾಯ್ತಿದೆ ಅಂದ್ರೆ ಗೇರ್‌ಬಾಕ್ಸ್ ಒಳಗಡೆ ಹಾಳಾಗಿರೋದಕ್ಕಿಂತ, ಅಲ್ಲಿ ಹುಟ್ಟೋ ಬಿಸಿ ಹೊರಗೆ ಹೋಗೋ ದಾರಿ ಮುಚ್ಚಿರೋ ಸಾಧ್ಯತೆನೇ ಜಾಸ್ತಿ. ಒಂದು ಸಲ ಬಾಕ್ಸ್ ಇಳಿಸಿ ಬಿಚ್ಚಿದ್ರೆ ಹಳೇ ಗಾಡಿಗೆ ಪಾರ್ಟ್ಸ್ ಹುಡುಕ್ಕೊಂಡು ತಿಂಗಳುಗಟ್ಟಲೆ ಅಲೀಬೇಕಾಗತ್ತೆ, ಎಷ್ಟೋ ಒಳ್ಳೆ ಗಾಡಿಗಳು ಶೆಡ್ಡಲ್ಲಿ ಟಾರ್ಪಾಲ್ ಹೊದ್ದು ನಿಂತಿರೋದು ಹಿಂಗೇನೇ, ನೋಡಿದ್ರೆ ಹೊಟ್ಟೆ ಉರಿಯತ್ತೆ ನಂಗೆ.

ಮೊದಲು ಬಿಸಿ ಎಲ್ಲಿ ಹುಟ್ಟತ್ತೆ ನೋಡೋಣ. ಆಟೋಮ್ಯಾಟಿಕ್ ಗಾಡೀಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯ ಕ್ಲಚ್ ಪ್ಲೇಟ್ ಬದಲು ಟಾರ್ಕ್ ಕನ್ವರ್ಟರ್ ಇರತ್ತೆ, ಎಂಜಿನ್ ಕಡೆಯ ರೆಕ್ಕೆ ಆಯಿಲ್ನ ರಭಸವಾಗಿ ತಳ್ಳತ್ತೆ, ಆ ಆಯಿಲ್ ಬಂದು ಗೇರ್‌ಬಾಕ್ಸ್ ಕಡೆಯ ರೆಕ್ಕೆನ ತಿರುಗಿಸತ್ತೆ. ಎರಡೂ ಹೆಚ್ಚುಕಮ್ಮಿ ಒಂದೇ ಸ್ಪೀಡಲ್ಲಿ ತಿರುಗ್ತಿದ್ರೆ ತೊಂದ್ರೆ ಇಲ್ಲ, ರೋಡಲ್ಲಿ ಒಂದು ಸ್ಪೀಡ್ ಬಂದ್ಮೇಲೆ ಲಾಕಪ್ ಕ್ಲಚ್ ಅಂತ ಒಂದು ಹಿಡ್ಕೊಂಡು ಎರಡನ್ನೂ ಒಂದು ಮಾಡ್ಬಿಡತ್ತೆ. ಕೆಸರಲ್ಲಿ ಹಂಗಲ್ಲ, ಎಂಜಿನ್ 2000 ಆರ್‌ಪಿಎಂ ತಿರುಗ್ತಿದೆ, ಚಕ್ರ ಆಮೆ ಥರ ಹೋಗ್ತಿದೆ, ಮಧ್ಯದ ವ್ಯತ್ಯಾಸ ಎಲ್ಲಾ ಆಯಿಲ್ ಕಡೆದೂ ಕಡೆದೂ ಬಿಸಿಯಾಗೇ ಹೋಗತ್ತೆ. ಒಂದು ಸಣ್ಣ ಲೆಕ್ಕ ಹಾಕಿ: ಎಂಜಿನ್ 30 ಕಿಲೋವ್ಯಾಟ್ ಕೊಡ್ತಿದೆ, ಅದ್ರಲ್ಲಿ ಮೂರರಲ್ಲೊಂದು ಪಾಲು ಕನ್ವರ್ಟರಲ್ಲಿ ಕಳೆದ್ಹೋಯ್ತು ಅಂದ್ರೆ 10 ಕಿಲೋವ್ಯಾಟ್, ಅಂದ್ರೆ ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್ ಐದು ಒಟ್ಟಿಗೆ ಆನ್ ಮಾಡಿ 10 ಲೀಟರ್ ಆಯಿಲ್ಗೆ ಇಟ್ಟಂಗೆ. ಕೂಲಿಂಗ್ ಇಲ್ದೆ ಇದ್ರೆ, ಆಯಿಲ್ ಒಂದನ್ನೇ ಲೆಕ್ಕಕ್ಕೆ ಹಿಡಿದ್ರೆ, ನಿಮಿಷಕ್ಕೆ 30 ಡಿಗ್ರಿ ಮೇಲೆ ಏರತ್ತೆ. ನಿಮ್ಮ 20 ನಿಮಿಷ ಎಷ್ಟು ದೊಡ್ಡ ಹೊತ್ತು ಅಂತ ಇದರಲ್ಲೇ ಗೊತ್ತಾಗತ್ತೆ.

ಈ ಆಯಿಲ್ 80ರಿಂದ 95 ಡಿಗ್ರಿ ಆಸುಪಾಸಲ್ಲಿದ್ರೆ ನೆಮ್ಮದಿಯಾಗಿರತ್ತೆ. 120 ದಾಟಿ ಓಡ್ತಾನೇ ಇದ್ರೆ ಸುಟ್ಟು ಅಂಟಂಟಾಗೋಕೆ ಶುರು, ಇನ್ನೂ ಮೇಲೆ ಹೋದ್ರೆ ರಬ್ಬರ್ ಸೀಲ್ ಗಟ್ಟಿಯಾಗಿ ಪ್ರೆಷರ್ ಸೋರತ್ತೆ, ಗೇರ್ ಹಿಡಿಯೋಕೆ ಬಾಕ್ಸ್ ಒಳಗಿರೋ ಸಣ್ಣ ಕ್ಲಚ್‌ಗಳು ಜಾರ್ತವೆ, ಜಾರಿದ್ರೆ ಇನ್ನೂ ಬಿಸಿ. ಪ್ರತಿ 10 ಡಿಗ್ರಿ ಏರಿದ್ರೆ ಆಯಿಲ್ ಆಯಸ್ಸು ಅರ್ಧ ಆಗತ್ತೆ ಅನ್ನೋದು ಈ ಕೆಲಸದವರು ಬಳಸೋ ಅಂದಾಜು ಲೆಕ್ಕ. ಎಂಜಿನ್ ಮುಳ್ಳು ನಂಬ್ಕೊಂಡು ಕೂರಬೇಡಿ, ಅದು ಕೂಲೆಂಟ್ ಬಿಸಿ ತೋರಿಸೋದು, ಅದೂ ತುಂಬಾ ಗಾಡಿಗಳಲ್ಲಿ ಒಂದಷ್ಟು ಡಿಗ್ರಿ ಆಚೀಚೆ ಆದ್ರೂ ಮಧ್ಯದಲ್ಲೇ ನಿಲ್ಲೋ ಹಂಗೆ ಮಾಡಿರ್ತಾರೆ, ಗೇರ್‌ಬಾಕ್ಸ್ ಬೇಯ್ತಿದ್ರೂ ಅದಕ್ಕೆ ಗೊತ್ತಾಗಲ್ಲ.

ಮುಂದಿನ ಸಲ ಲೈಟ್ ಬಂದ್ರೆ ತಕ್ಷಣ ಮಾಡ್ಬೇಕಾದ್ದು: ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಪಾರ್ಕಿಗೆ ಹಾಕಿ, ಎಂಜಿನ್ ಆಫ್ ಮಾಡ್ಬೇಡಿ. ಹೆಚ್ಚಿನವರು ಗಾಬರೀಲಿ ಆಫ್ ಮಾಡ್ಬಿಡ್ತಾರೆ. ಗೇರ್‌ಬಾಕ್ಸ್ ಪಂಪ್ ಎಂಜಿನ್ ತಿರುಗಿದ್ರೆ ತಾನೇ ತಿರುಗೋದು, ಆಫ್ ಮಾಡಿದ್ರೆ ಆಯಿಲ್ ಕೂಲರಿಗೆ ಹೋಗೋದೇ ನಿಂತೋಗತ್ತೆ. ಬಾನೆಟ್ ಎತ್ತಿ, ಎಸಿ ಆಫ್ ಮಾಡಿ, ಲೈಟ್ ಹೋಗೋವರೆಗೂ ಐಡ್ಲಿಂಗಲ್ಲೇ ಬಿಡಿ. ಎಂಜಿನ್ನೂ ಕುದೀತಿದ್ರೆ ಅಥವಾ ಕೆಳಗೆ ಆಯಿಲ್ ಸೋರ್ತಿದ್ರೆ ಮಾತ್ರ ಆಫ್ ಮಾಡಿ. ಇನ್ನೊಂದು ಮಾತು ಮಂಡ್ಯ ಕಡೆಯವರಿಗೆ ಅಂತ್ಲೇ ಹೇಳ್ತೀನಿ, ಕಬ್ಬು ಕಡಿದ ಗದ್ದೇಲಿ ಒಣ ತರಗಿನ ಮೇಲೆ ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ. ಕೆಳಗಡೆ ಸೈಲೆನ್ಸರ್ ಕೆಂಡದಂಗಿರತ್ತೆ, ಆಯಿಲ್ ಜಿನುಗ್ತಿದ್ರಂತೂ ಗಾಡಿ, ಗದ್ದೆ ಎರಡೂ ಹೋಗತ್ತೆ. ಹತ್ತು ಮಾರು ಮುಂದೆ ಹೋಗಿ ಬರೀ ನೆಲ ನೋಡಿ ನಿಲ್ಲಿಸಿ.

ಇನ್ನು ಚೆಕ್ ಮಾಡೋದು. ಮೊದಲು ಆಯಿಲ್ ಕಡ್ಡಿ. ಇದು ಎಂಜಿನ್ ಆಯಿಲ್ ನೋಡ್ದಂಗಲ್ಲ, ಗಾಡಿ ಒಂದು ಅರ್ಧ ಗಂಟೆ ಓಡಿ ಬಿಸಿಯಾಗಿರ್ಬೇಕು, ಸಮ ಜಾಗದಲ್ಲಿ ನಿಂತಿರ್ಬೇಕು, ಎಂಜಿನ್ ಆನ್ ಇರ್ಬೇಕು, ಬ್ರೇಕ್ ಒತ್ಕೊಂಡು ಎಲ್ಲಾ ಗೇರಿಗೂ ಒಂದೊಂದ್ಸಲ ಹಾಕಿ ಪಾರ್ಕಿಗೆ ತಂದು ಆಮೇಲೆ ಕಡ್ಡಿ ಎಳೀಬೇಕು (ಕೆಲವು ಗಾಡಿಗೆ ನ್ಯೂಟ್ರಲ್ ಅಂತಿರತ್ತೆ, ಮ್ಯಾನ್ಯುಯಲ್ ನೋಡ್ಕೊಳ್ಳಿ, ಕಡ್ಡಿನೇ ಇಲ್ದಿರೋ ಗಾಡಿಗೆ ಕೆಳಗಡೆ ಪ್ಲಗ್ ಬಿಚ್ಚಿ ನೋಡೋದು, ಅದು ಲಿಫ್ಟ್ ಇರೋ ಕಡೆನೇ ಆಗ್ಬೇಕು). ಒಂದು ಬಿಳಿ ಪಂಚೆ ತುಂಡಿನ ಮೇಲೆ ಎರಡು ಹನಿ ಬಿಡಿ. ಕೆಂಪಗೆ ತೆಳ್ಳಗೆ ಹರಡಿದ್ರೆ ಚೆನ್ನಾಗಿದೆ, ಕಂದು ಬಣ್ಣ ಅಂದ್ರೆ ವಯಸ್ಸಾಗಿದೆ, ಕಪ್ಪಗಿದ್ದು ಸುಟ್ಟ ವಾಸನೆ ಹೊಡೆದು ಬಟ್ಟೆ ಮೇಲೆ ಪುಡಿ ಉಳಿದ್ರೆ ಕ್ಲಚ್ ಸವೆದಿದೆ. ರೋಸ್ ಮಿಲ್ಕ್ ಬಣ್ಣ ಬಂದ್ರೆ ಅವತ್ತೇ ಗಾಡಿ ನಿಲ್ಲಿಸಿ, ರೇಡಿಯೇಟರ್ ಒಳಗಿನ ಕೂಲರ್ ಒಡೆದು ನೀರು ಗೇರ್‌ಬಾಕ್ಸಿಗೆ ಸೇರಿದೆ ಅಂತ ಅರ್ಥ. ಲೆವೆಲ್ ಕಮ್ಮಿ ಇದ್ರೂ ಕಾಯತ್ತೆ, ಜಾಸ್ತಿ ಇದ್ರೂ ನೊರೆ ಬಂದು ಕಾಯತ್ತೆ, ಅದಕ್ಕೇ "ಇರ್ಲಿ ಬಿಡು" ಅಂತ ಅರ್ಧ ಲೀಟರ್ ಜಾಸ್ತಿ ಹಾಕೋದು ತಪ್ಪು. ಆಯಿಲ್ಲೂ ಅಷ್ಟೇ, ಡೆಕ್ಸ್ರಾನ್, ಎಸ್‌ಪಿ-3 ಅಂತ ಬೇರೆ ಬೇರೆ ಜಾತಿ ಇದೆ, ಡೆಕ್ಸ್ರಾನ್ ಕೇಳೋ ಬಾಕ್ಸಿಗೆ ಡೆಕ್ಸ್ರಾನ್, ಎಸ್‌ಪಿ-3 ಕೇಳೋದಕ್ಕೆ ಎಸ್‌ಪಿ-3, ಎಲ್ಲಾ ಕೆಂಪಗಿದೆ ಅಂತ ಎಲ್ಲಾ ಒಂದೇ ಅಲ್ಲ.

ಇದಾದ್ಮೇಲೆ ನಾನು ಸೀದಾ ನೋಡೋದು ರೇಡಿಯೇಟರ್ ಮುಂದೆ. ನನ್ನ ಗಾಡಿದೂ ಇದೇ ಕಥೆ ಆಗಿತ್ತು, ಮೇಲುಕೋಟೆ ಕೆಳಗೆ ನಮ್ಮ ಮಾವನ ತೋಟಕ್ಕೆ ಹೋದಾಗೆಲ್ಲಾ ಲೈಟ್ ಬರ್ತಿತ್ತು, ಮೈಸೂರಲ್ಲಿ ಒಂದು ಗ್ಯಾರೇಜಲ್ಲಿ ಬಾಕ್ಸ್ ಹೋಗಿದೆ ಅಂತ ಹೇಳಿ ಎಸ್ಟಿಮೇಟ್ ಬರೆದೂ ಕೊಟ್ಟಿದ್ರು. ದುಡ್ಡು ಹೊಂದಿಸೋಕೆ ಆಗ್ದೆ ಒಂದು ವಾರ ತಡ ಆಯ್ತು, ಆ ವಾರದಲ್ಲಿ ಮನೆ ಮುಂದೆನೇ ಗ್ರಿಲ್ ಬಿಚ್ಚಿದೆ. ಎಸಿ ಕಂಡೆನ್ಸರ್, ಅಂದ್ರೆ ರೇಡಿಯೇಟರ್ ಮುಂದೆ ಇರೋ ಎಸಿ ಜಾಲರಿ, ಮುಂದಿಂದ ನೋಡಿದ್ರೆ ತೊಳೆದಿಟ್ಟಂಗಿತ್ತು. ಬೋಲ್ಟ್ ತೆಗೆದು ಪೈಪ್ ಬಿಚ್ಚದೇನೇ ಅದನ್ನ ಎರಡು ಬೆರಳು ಮುಂದಕ್ಕೆ ವಾಲಿಸಿ ಟಾರ್ಚ್ ಬಿಟ್ರೆ, ಕಂಡೆನ್ಸರಿಗೂ ರೇಡಿಯೇಟರಿಗೂ ಮಧ್ಯ ಒಂದು ಕಂಬಳಿನೇ ಕೂತಿತ್ತು, ಕಬ್ಬಿನ ತರಗಿನ ಚೂರು, ಭತ್ತದ ಹೊಟ್ಟು, ಹುಳ, ಅದರ ಮೇಲೆ ಕೆಮ್ಮಣ್ಣು ಮೆತ್ಕೊಂಡು ಒಣಗಿ ಕೈಯಲ್ಲಿ ಹಪ್ಪಳದಂಗೆ ಎದ್ದು ಬರ್ತಿತ್ತು. ಹಿಂದಿಂದ ಟಾರ್ಚ್ ಹಿಡಿದ್ರೆ ಕೆಳಗಿನ ಅರ್ಧದಲ್ಲಿ ಒಂದು ತೂತಲ್ಲೂ ಬೆಳಕು ಈಚೆ ಬರ್ಲಿಲ್ಲ. ಎಂಜಿನ್ ಕಡೆಯಿಂದ ಮುಂದಕ್ಕೆ ತೋಟದ ಪೈಪಲ್ಲಿ ನೀರು ಬಿಟ್ಟೆ, ಮೊದಲು ರಾಗಿ ಅಂಬಲಿ ಥರ ಬಂತು, ಬಿಟ್ಟು ಬಿಟ್ಟು ತೊಳೆದು ಸಂಜೆ ಹೊತ್ತಿಗೆ ತಿಳಿ ನೀರು ಬಂತು. ಮುಂದಿನ ವಾರ ಅದೇ ತೋಟ, ಅದೇ ಕೆಸರು, ಲೈಟ್ ಬರ್ಲೇ ಇಲ್ಲ. ಸರ್ವಿಸ್ ಸ್ಟೇಷನ್ ಪ್ರೆಷರ್ ಗನ್ ಹತ್ರದಿಂದ ಹೊಡೆಸ್ಬೇಡಿ, ಫಿನ್ನೆಲ್ಲಾ ಮಡಚ್ಕೊಂಡು ಗಾಳಿ ಹೋಗೋ ದಾರಿ ಶಾಶ್ವತವಾಗಿ ಮುಚ್ಚತ್ತೆ.

ಎಂಜಿನ್ ಕಾಯದೆ ಗೇರ್‌ಬಾಕ್ಸ್ ಮಾತ್ರ ಯಾಕೆ ಕಾಯತ್ತೆ ಅಂದ್ರೆ, ಇಂಥ ಹೆಚ್ಚಿನ ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಣಿಸೋ ಕೂಲರ್ ಇರೋದು ರೇಡಿಯೇಟರಿನ ತಣ್ಣಗಿನ ಕಡೆ ಟ್ಯಾಂಕ್ ಒಳಗೆ, ನೀರು ಪೂರ್ತಿ ತಣಿದು ಅಲ್ಲಿಗೆ ಬಂದ್ರೆ ಮಾತ್ರ ಆಯಿಲ್ ತಣಿಯೋದು. ರೇಡಿಯೇಟರ್ ಜಾಲರಿ ಅರ್ಧ ಮುಚ್ಚಿದ್ರೆ ಎಂಜಿನ್ ಹೇಗೋ ತಡ್ಕೊಳ್ಳತ್ತೆ, ಆದ್ರೆ ಆ ಟ್ಯಾಂಕಿಗೆ ಬರೋ ನೀರೇ ಬಿಸಿ ಇರತ್ತೆ. ಎಕ್ಸ್‌ಪ್ರೆಸ್‌ವೇಲಿ 80ರಲ್ಲಿ ಹೋಗ್ವಾಗ ಗಾಳಿ ನುಗ್ಗತ್ತೆ, ಲಾಕಪ್ಪೂ ಹಿಡಿದಿರತ್ತೆ, ಅದಕ್ಕೇ ಅಲ್ಲಿ ಏನೂ ಗೊತ್ತಾಗಲ್ಲ. ಗದ್ದೇಲಿ 8 ಕಿಲೋಮೀಟರ್ ಸ್ಪೀಡಲ್ಲಿ ಬರೀ ಫ್ಯಾನೇ ಗತಿ, ಆ ಫ್ಯಾನಿನ ವಿಸ್ಕಸ್ ಕಪ್ಲಿಂಗ್ (ಬಿಸಿ ಏರಿದಾಗ ಫ್ಯಾನನ್ನ ಎಂಜಿನ್ ಜೊತೆ ಬಿಗಿಯಾಗಿ ಹಿಡಿಯೋ ಭಾಗ) ಸೋತಿದೆಯಾ ನೋಡಿಸಿ, ಎಂಜಿನ್ ಆಫ್ ಮಾಡಿ ಬಿಸಿ ಇದ್ದಾಗ ಕೈಯಲ್ಲಿ ತಿರುಗಿಸಿದ್ರೆ ಬಿಗಿ ಇರ್ಬೇಕು, ಗಿರ್ರಂತ ಬಿಟ್ಟಿ ತಿರುಗಿದ್ರೆ ಅದು ಹೋಗಿದೆ. ಕೂಲರ್ ಪೈಪ್ ಎಲ್ಲಾದ್ರೂ ಕಲ್ಲು ತಗುಲಿ ಚಪ್ಪಟೆ ಆಗಿದೆಯಾ ಅನ್ನೋದನ್ನೂ ಕೆಳಗೆ ಮಲಗಿ ಬೆರಳಾಡಿಸಿ ನೋಡಿ. ಬ್ರೇಕ್ ಕಚ್ಕೊಂಡಿರೋದು, ದೊಡ್ಡ ಸೈಜ್ ಟೈರ್ ಹಾಕ್ಸಿರೋದು ಇವೂ ಬಿಸಿ ಏರಿಸ್ತವೆ, 30 ಇಂಚಿನ ಜಾಗದಲ್ಲಿ 33 ಹಾಕಿದ್ರೆ ಗೇರಿಂಗ್ 10 ಪರ್ಸೆಂಟ್ ಭಾರ ಆದಂಗೆ.

ಓಡಿಸೋ ರೀತಿ ಬಗ್ಗೆ ಕೇಳ್ದೆ ಇದ್ರೂ ಹೇಳ್ಬೇಕು, ಯಾಕಂದ್ರೆ ಆಟೋಮ್ಯಾಟಿಕ್ ಇಟ್ಕೊಂಡಿರೋ ಎಷ್ಟೋ ಜನ ಲೋ ರೇಂಜ್ ಲಿವರ್, ಅಂದ್ರೆ ಚಕ್ರನ ನಿಧಾನಕ್ಕೆ ಜಾಸ್ತಿ ಬಲದಲ್ಲಿ ತಿರುಗಿಸೋ ಲಿವರ್, ಮುಟ್ಟೇ ಇರಲ್ಲ. ಕೆಸರಲ್ಲಿ, ಕಡಿದಾದ ಏರಲ್ಲಿ ಹೈ ರೇಂಜಲ್ಲಿ ಡಿ ಹಾಕ್ಕೊಂಡು ಆಕ್ಸಿಲೇಟರ್ ಒತ್ತೋದೇ ಆಯಿಲ್ ಬೇಯಿಸೋ ಕೆಲಸ. ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್ಗೆ ಹಾಕಿ, ಫೋರ್ ಲೋಗೆ (ನಾಲ್ಕೂ ಚಕ್ರಕ್ಕೆ ಬಲ, ಲೋ ರೇಂಜ್) ಹಾಕ್ಕೊಳ್ಳಿ, ಹೆಚ್ಚಿನ ಗಾಡಿಗಳಲ್ಲಿ ಅದು ಎರಡೂವರೆ ಪಟ್ಟಿನ ಆಸುಪಾಸು ಇರತ್ತೆ, ಅಂದ್ರೆ ಅದೇ ಸ್ಪೀಡಿಗೆ ಗೇರ್‌ಬಾಕ್ಸ್ ಎರಡೂವರೆ ಪಟ್ಟು ಜೋರಾಗಿ ತಿರುಗತ್ತೆ, ಕನ್ವರ್ಟರಲ್ಲಿ ಜಾರೋದು ಅಷ್ಟು ಕಮ್ಮಿ ಆಗತ್ತೆ. ಒಣ ಟಾರ್ ರೋಡಿಗೆ ಬಂದ ತಕ್ಷಣ ಮತ್ತೆ ಟೂ ಹೈಗೆ (ಎರಡೇ ಚಕ್ರಕ್ಕೆ ಬಲ, ಹೈ ರೇಂಜ್) ತನ್ನಿ. ಏರಲ್ಲಿ ಬ್ರೇಕ್ ಬಿಟ್ಟು ಆಕ್ಸಿಲೇಟರಲ್ಲೇ ಗಾಡಿ ತಡೆದು ನಿಲ್ಲಿಸೋ ಅಭ್ಯಾಸ ಇದ್ರೆ ಇವತ್ತೇ ಬಿಟ್ಬಿಡಿ, ಆಗ ಎಂಜಿನ್ ಕೊಡೋದಷ್ಟೂ ಬಿಸಿನೇ.

ಇಷ್ಟಾದ್ಮೇಲೂ ಕಾದ್ರೆ ಎರಡು ಕೆಲಸ ಇದೆ. ಒಂದು, ಆಯಿಲ್ ಮತ್ತೆ ಫಿಲ್ಟರ್. ಕೆಳಗಿನ ಪ್ಯಾನ್ ಬಿಚ್ಚಿದಾಗ ನೀವೇ ಪಕ್ಕದಲ್ಲಿ ನಿಂತು ಅದರೊಳಗಿನ ಮ್ಯಾಗ್ನೆಟ್ ನೋಡಿ, ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ರೆ ಅದು ವಯಸ್ಸಿನ ಸವೆತ, ಕಬ್ಬಿಣದ ಚೂರು ಕೈಗೆ ಚುಚ್ಚಿದ್ರೆ ಒಳಗೆ ಏನೋ ಮುರಿದಿದೆ. ಡ್ರೈನ್ ಮಾಡಿದ್ರೆ ಅರ್ಧದಷ್ಟೂ ಬರಲ್ಲ, ಉಳಿದಿದ್ದು ಕನ್ವರ್ಟರಲ್ಲೇ ಇರತ್ತೆ, ಹಂಗಾಗಿ ಕೆಲವು ನೂರು ಕಿಲೋಮೀಟರ್ ಓಡ್ಸಿ ಇನ್ನೊಂದೆರಡು ಸಲ ಮಾಡಿ. ಇಷ್ಟು ಓಡಿರೋ ಬಾಕ್ಸಿಗೆ ಮೆಷಿನ್ ಇಟ್ಟು ಫ್ಲಶ್ ಮಾಡ್ಸೋದು ನಂಗಂತೂ ಇಷ್ಟ ಇಲ್ಲ. ಎರಡನೇದು ಹೆಚ್ಚುವರಿ ಕೂಲರ್, ರೇಡಿಯೇಟರ್ ಕೂಲರಿಂದ ವಾಪಸ್ ಬರೋ ಪೈಪಿಗೆ ಗಾಳಿ ಬೀಸೋ ಕಡೆ ಕೂರಿಸೋದು, ಜೊತೆಗೊಂದು ಸ್ವಂತ ಫ್ಯಾನ್ ಇದ್ರೆ ಗದ್ದೆ ಕೆಲಸಕ್ಕೆ ಬಹಳ ಒಳ್ಳೇದು. ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕಿ ಆಯಿಲ್ ಟೆಂಪರೇಚರ್ ಓದ್ಕೊಂಡೇ ಓಡಿಸಿ ನೋಡಿ, ಲೈಟ್ ಬರೋಕೆ ಮುಂಚೆನೇ ಎಷ್ಟು ಏರ್ತಿದೆ ಅಂತ ಗೊತ್ತಾಗತ್ತೆ.

ಬಾಕ್ಸ್ ಇಳಿಸ್ಲೇಬೇಕಾದ ಸಂದರ್ಭನೂ ಇದೆ. ನೀವು ಹೇಳಿರೋ ಆ ತಡ, ಬೆಳಿಗ್ಗೆ ತಣ್ಣಗಿರೋ ಗಾಡೀಲೂ, ಆಯಿಲ್ ಲೆವೆಲ್ ಸರಿ ಇದ್ದಾಗಲೂ ಡಿ ಹಾಕಿದ ಎರಡು ಮೂರು ಸೆಕೆಂಡ್ ಬಿಟ್ಟೇ ಹಿಡಿಯತ್ತೆ ಅಂದ್ರೆ, ಅಥವಾ ರೋಡಲ್ಲಿ ಆರ್‌ಪಿಎಂ ಏರಿ ಸ್ಪೀಡ್ ಏರ್ದೇ ಇದ್ರೆ, ನಿಮ್ಮ ಮೆಕ್ಯಾನಿಕ್ ಹೇಳ್ತಿರೋದು ಸರಿ, ಇಳಿಸಿ. ಆಗ ಅವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ, ಕನ್ವರ್ಟರ್ ಬಿಚ್ಚಿ ತೊಳೀಬೇಕು ಇಲ್ಲಾ ಬದಲಾಯಿಸ್ಬೇಕು, ರೇಡಿಯೇಟರ್ ಒಳಗಿನ ಕೂಲರನ್ನೂ ಹಳೇದನ್ನೇ ಹಂಗೇ ಜೋಡಿಸ್ಬಾರ್ದು, ಯಾಕಂದ್ರೆ ಸವೆದ ಕ್ಲಚ್ಚಿನ ಪುಡಿ ಅದರೊಳಗೇ ಕೂತಿರತ್ತೆ, ಹೊಸದಾಗಿ ಕಟ್ಟಿದ ಬಾಕ್ಸ್ ಸ್ಟಾರ್ಟ್ ಮಾಡಿದ ಮೊದಲನೇ ನಿಮಿಷದಲ್ಲೇ ಆ ಪುಡಿ ಪೂರ್ತಿ ವಾಪಸ್ ಒಳಗೆ ಬರತ್ತೆ.